ಗೋಡೆಯ ಥರ್ಮಾಮೀಟರ್ ಹೇಳುವುದನ್ನು ಬಿಯರ್ ಕೇಳುವುದಿಲ್ಲ

ಮನೆಯಲ್ಲಿ ಮಾಡಿದ ಬಿಯರ್ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಆಮೇಲೆ ಕಹಿ ಕೊಡುವ ಹಾಪ್ಸು ಹೂವು, ಕೊನೆಗೆ ನೀರು. ತಪ್ಪು ಮಾತ್ರ ಬಹಳಷ್ಟು ಸಲ ಬಿಯರ್ ಹುದುಗಲು ಬಕೆಟ್ ಇಟ್ಟ ಮೂಲೆಯಲ್ಲೇ ಇರುತ್ತದೆ. ನಡುಮನೆಯ ಥರ್ಮೋಸ್ಟಾಟ್ 20 ಡಿಗ್ರಿ ತೋರಿಸುತ್ತಿದೆ, ಯೀಸ್ಟ್ ಪ್ಯಾಕೆಟ್ಟಿನ ಮೇಲೆ 18ರಿಂದ 26 ಅಂತ ಬರೆದಿದೆ, ಇನ್ನೇನು ಚಿಂತೆ ಅಂದುಕೊಂಡು ಮುಚ್ಚಳ ಹಾಕಿ ಮಲಗುತ್ತಾರೆ. ಮರುದಿನ ರಾತ್ರಿ ಹೊತ್ತಿಗೆ ಬಕೆಟ್ಟಿನೊಳಗೆ 24 ಡಿಗ್ರಿ. ತಿಂಗಳು ಬಿಟ್ಟು ಬಾಟಲಿ ತೆಗೆದರೆ ತಿಳಿ ಬಣ್ಣದ ಪೇಲ್ ಏಲ್ ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ, ಗಂಟಲಿಗೆ ಸ್ಪಿರಿಟ್ ತಾಗಿದ ಹಾಗೆ ಉರಿ.

ಇಲ್ಲಿ ಹೇಳುವುದೆಲ್ಲ ಅಮೆರಿಕ, ಬ್ರಿಟನ್‌ನಂಥ ಕಡೆ ಇರುವವರಿಗೆ. ಅಮೆರಿಕದಲ್ಲಿ 1978ರ ಕೇಂದ್ರ ಕಾನೂನಿನ ಪ್ರಕಾರ ವಯಸ್ಕರೊಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ, ರಾಜ್ಯದ ನಿಯಮ ಬೇರೆ ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿಗೆ ಹೋದಾಗ ಅಪ್ಪನ ಮನೆಯ ಅಟ್ಟದಲ್ಲಿ ಪ್ರಯೋಗ ಬೇಡ.

ಕೆಳಗಿನ ಲೆಕ್ಕವೆಲ್ಲ ಸುಮಾರು 20 ಲೀಟರ್ ಬ್ಯಾಚಿಗೆ, ಅಂದರೆ ಹೆಚ್ಚುಕಡಿಮೆ 5 ಗ್ಯಾಲನ್‌ಗೆ. ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲೇ ಯೋಚಿಸುವವರು 18 ಎಂದರೆ 64, 20 ಎಂದರೆ 68 ಎಂದು ನೆನಪಿಟ್ಟುಕೊಂಡರೆ ಕೆಲಸ ನಡೆಯುತ್ತದೆ.

ಬಿಸಿ ಬರುವುದೆಲ್ಲಿಂದ

ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲು ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುವಾಗ ಜೊತೆಗೆ ಶಾಖವೂ ಹೊರಬೀಳುತ್ತದೆ. ಬ್ರೂವರಿಗಳ ಲೆಕ್ಕದಲ್ಲಿ ಹುದುಗಿದ ಒಂದು ಕಿಲೋ ಸಾರಕ್ಕೆ (ಮಾಲ್ಟಿನಿಂದ ಕರಗಿ ಬಂದ ಸಕ್ಕರೆ ಮುಂತಾದವು) ಸುಮಾರು 587 ಕಿಲೋಜೂಲ್. ಮೂಲ ಗ್ರಾವಿಟಿ (ನೀರನ್ನು 1.000 ಎಂದಿಟ್ಟು ಅಳೆದ, ಹುದುಗುವ ಮುಂಚಿನ ಸಾಂದ್ರತೆ) 1.050 ಇರುವ 20 ಲೀಟರ್ ವರ್ಟಿನಲ್ಲಿ, ಅಂದರೆ ಇನ್ನೂ ಹುದುಗದ ಮಾಲ್ಟಿನ ಸಿಹಿ ನೀರಿನಲ್ಲಿ, ಕರಗಿರುವ ಸಾರ 2.6 ಕಿಲೋ, ಯೀಸ್ಟು ಅದರಲ್ಲಿ ತಿಂದು ಮುಗಿಸುವುದು 1.6ರಿಂದ 1.7 ಕಿಲೋ. ಒಟ್ಟು ಶಾಖ ಸಾವಿರ ಕಿಲೋಜೂಲ್‌ಗೆ ಸ್ವಲ್ಪ ಕಮ್ಮಿ. ಅಷ್ಟು ವರ್ಟನ್ನು ಒಂದು ಡಿಗ್ರಿ ಏರಿಸಲು 80 ಕಿಲೋಜೂಲ್ ಚಿಲ್ಲರೆ ಸಾಕು. ಹನಿ ಶಾಖವೂ ಹೊರಹೋಗದಂತೆ ಬಕೆಟ್ಟನ್ನು ಕಟ್ಟಿಟ್ಟರೆ ಬಿಯರ್ ತನ್ನಷ್ಟಕ್ಕೆ 12 ಡಿಗ್ರಿ ಏರುತ್ತದೆ. 20ಕ್ಕೆ ಶುರುವಾದದ್ದು 32ಕ್ಕೆ ಮುಗಿಯುತ್ತದೆ.

ಹಾಗಂತ ಇದು ದೊಡ್ಡ ಒಲೆಯೇನಲ್ಲ. ಅರ್ಧ ಶಾಖ ಜೋರಾಗಿ ಹುದುಗುವ ಒಂದೂವರೆ ದಿನದಲ್ಲಿ ಬಂತು ಅಂತಿಟ್ಟುಕೊಂಡರೂ ಸರಾಸರಿ 4 ವ್ಯಾಟ್. ದೇವರ ಮನೆಯಲ್ಲಿ ಉರಿಯುತ್ತಿದ್ದ ಹಳೇ ಜೀರೋ ಬಲ್ಬಿನಷ್ಟೂ ಇಲ್ಲ. ಸಾಮಾನ್ಯ ಪ್ಲಾಸ್ಟಿಕ್ ಬಕೆಟ್ಟು ನಿಂತ ಗಾಳಿಯಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 2 ವ್ಯಾಟ್ ಕಳೆದುಕೊಳ್ಳುತ್ತದೆ. ಆದ್ದರಿಂದ ಜೋರು ಹೊತ್ತಿನಲ್ಲಿ ಬಿಯರ್ ಕೋಣೆಗಿಂತ 2ರಿಂದ 4 ಡಿಗ್ರಿ ಮೇಲೆ ನಿಲ್ಲುತ್ತದೆ. ‘ಕೋಣೆಗಿಂತ ನಾಲ್ಕು ಡಿಗ್ರಿ ಜಾಸ್ತಿ’ ಅಂತ ಎಲ್ಲರೂ ಹೇಳುವ ಮಾತು ಬಂದದ್ದು ಇಲ್ಲಿಂದ. ಗ್ರಾವಿಟಿ 1.080 ಇರುವ ಸ್ಟೌಟ್ (ಕಪ್ಪು ಬಿಯರ್) ಆದರೆ ಶಾಖವೂ ಅದೇ ಪ್ರಮಾಣದಲ್ಲಿ ಒಂದೂವರೆ ಪಟ್ಟು ದಾಟುತ್ತದೆ. 60 ಲೀಟರ್ ಡ್ರಮ್ಮಿನಲ್ಲಿ ಹುದುಗಿಸಿದರೆ ಹೊರಮೈಗಿಂತ ಹೊಟ್ಟೆ ದೊಡ್ಡದು, ಏರಿಕೆ ಇನ್ನೂ ಹೆಚ್ಚು. ಬೆಳಕು ಬೀಳದಿರಲಿ ಅಂತ ಕಂಬಳಿ ಸುತ್ತುವವರು ಕಂಬಳಿ ಶಾಖವನ್ನೂ ಹಿಡಿದಿಡುತ್ತದೆ ಅನ್ನುವುದನ್ನು ಮರೆಯುತ್ತಾರೆ. ಬೆಳಕು ತಡೆಯಲು ಹಳೇ ಕಪ್ಪು ಟೀ ಶರ್ಟ್ ಸಾಕು.

ಕೆಲವೇ ವ್ಯಾಟ್ ಅನ್ನುವುದರಲ್ಲಿ ಒಳ್ಳೆಯ ಸುದ್ದಿಯೂ ಇದೆ. ಅದನ್ನು ತೆಗೆಯಲು ದುಬಾರಿ ಯಂತ್ರ ಬೇಕಿಲ್ಲ. ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ಅಳೆದು ತೆಗೆಯಬೇಕು, ಅಷ್ಟೇ.

ಮೊದಲ ಮೂರು ದಿನ

ಯೀಸ್ಟ್ ಹಾಕಿದ ಮೇಲೆ ಆರರಿಂದ ಹದಿನೆಂಟು ಗಂಟೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಅದು ಆಮ್ಲಜನಕ ಹೀರಿ, ಸಂಖ್ಯೆ ಬೆಳೆಸಿಕೊಳ್ಳುತ್ತಿರುತ್ತದೆ. ರುಚಿಯ ಹಣೆಬರಹ ಬರೆಯುವುದು ಈ ಬೆಳವಣಿಗೆಯ ಹೊತ್ತು. ವರ್ಟಿನ ಅಮೈನೋ ಆಮ್ಲಗಳನ್ನು ಬಳಸುವಾಗ ಯೀಸ್ಟು ಗಂಟಲು ಉರಿಸುವ ಫ್ಯೂಸೆಲ್ ಆಲ್ಕೋಹಾಲುಗಳನ್ನು ಬಿಡುತ್ತದೆ. ಲ್ಯೂಸಿನ್‌ನಿಂದ ಐಸೋಅಮೈಲ್ ಆಲ್ಕೋಹಾಲ್, ಅದರಿಂದ ಮುಂದೆ ಬಾಳೆಹಣ್ಣಿನ ವಾಸನೆಯ ಐಸೋಅಮೈಲ್ ಅಸಿಟೇಟ್. ಬಿಸಿ ಹೆಚ್ಚಿದಷ್ಟೂ ಬೆಳವಣಿಗೆ ಜೋರು, ಇವೂ ಜೋರು. ಹಣ್ಣಿನ ವಾಸನೆಯ ಇಂಥ ಎಸ್ಟರ್ ಸ್ವಲ್ಪ ಇದ್ದರೆ ಏಲ್‌ಗೆ ಚಂದ. ಫ್ಯೂಸೆಲ್ ಒಮ್ಮೆ ಸೇರಿತೆಂದರೆ ಆರು ತಿಂಗಳು ಇಟ್ಟರೂ ಹೋಗುವುದಿಲ್ಲ. ‘ಏಜ್ ಮಾಡಿದರೆ ಮೆತ್ತಗಾಗುತ್ತೆ’ ಅನ್ನುವ ಸಮಾಧಾನ ಇದಕ್ಕೆ ಅನ್ವಯಿಸದು.

ನಾಲ್ಕನೇ ದಿನದ ಹೊತ್ತಿಗೆ ಬೆಳವಣಿಗೆ ಮುಗಿದು, ಸಕ್ಕರೆಯ ಬಹುಪಾಲು ಖಾಲಿಯಾಗಿರುತ್ತದೆ. ಅಲ್ಲಿಂದ ಮುಂದೆ ಎರಡು ಮೂರು ಡಿಗ್ರಿ ಏರಿದರೆ ಹಾನಿಯಿಲ್ಲ, ಲಾಭವೇ. ಹಾಗಿದ್ದೂ ಅನೇಕರು ಮಾಡುವುದು ಉಲ್ಟಾ: ಮೊದಲ ಎರಡು ದಿನ ಬಕೆಟ್ಟನ್ನು ಅದರ ಪಾಡಿಗೆ ಬಿಟ್ಟು, ಮೂರನೇ ದಿನ ಮುಟ್ಟಿ ನೋಡಿ ಬಿಸಿ ಅನಿಸಿದಾಗ ಗಾಬರಿಯಾಗಿ ಐಸ್ ಸುರಿಯುತ್ತಾರೆ. ಕೆಡಬೇಕಾದ್ದು ಆಗಲೇ ಕೆಟ್ಟಿರುತ್ತದೆ. ತಣ್ಣಗಾದ ಯೀಸ್ಟು ತಳ ಸೇರಿ, ಗ್ರಾವಿಟಿ 1.020ರ ಹತ್ತಿರ ನಿಂತುಬಿಡುತ್ತದೆ. ಒಂದೇ ಬ್ಯಾಚಿನಲ್ಲಿ ಫ್ಯೂಸೆಲ್ಲೂ ಉಳಿದ ಸಿಹಿಯೂ.

ಪ್ಯಾಕೆಟ್ಟಿನ ಮೇಲಿನ ವ್ಯಾಪ್ತಿಯ ಬಗ್ಗೆಯೂ ಒಂದು ಮಾತು. 18ರಿಂದ 26 ಎಂದರೆ ಅಷ್ಟರಲ್ಲಿ ಯೀಸ್ಟು ಕೆಲಸ ಮಾಡುತ್ತದೆ ಎಂದಷ್ಟೇ. ಎಲ್ಲ ಡಿಗ್ರಿಯಲ್ಲೂ ಒಂದೇ ರುಚಿ ಬರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಅಮೆರಿಕನ್ ಏಲ್‌ಗಳಿಗೆ ಬಳಸುವ ಯುಎಸ್-05 ಯೀಸ್ಟನ್ನು 18–19ರಲ್ಲಿ ಇಟ್ಟರೆ ಶುದ್ಧವಾಗಿ ಬರುತ್ತದೆ. ಇಂಗ್ಲಿಷ್ ಮೂಲದ ಎಸ್-04 ಇಪ್ಪತ್ತರ ಮೇಲೆ ಹಣ್ಣಿನ ರುಚಿಯನ್ನು ಎದ್ದು ಕಾಣುವಷ್ಟು ಬಿಡುತ್ತದೆ. ನಾಟಿಂಗ್‌ಹ್ಯಾಮ್ 15–16ರಲ್ಲೂ ಸೋಮಾರಿಯಾಗದೆ ದುಡಿಯುತ್ತದೆ. ಚಳಿಗಾಲದ ತಣ್ಣನೆ ಬೇಸ್‌ಮೆಂಟ್ ಇರುವವರಿಗೆ ಹೇಳಿ ಮಾಡಿಸಿದ್ದು.

ಎಲ್ಲಿ ಅಳೆಯಬೇಕು

ಬಕೆಟ್ಟನ್ನು ಫ್ರೀಜರಿನಲ್ಲಿಟ್ಟು, ಉಷ್ಣಾಂಶ ನೋಡಿ ಅದರ ಕರೆಂಟ್ ಹಚ್ಚಿ ಆರಿಸುವ ಕಂಟ್ರೋಲರ್ ಬಳಸುವವರು ಅದರ ಪ್ರೋಬನ್ನು, ಅಂದರೆ ವೈರಿನ ತುದಿಯ ಅಳೆಯುವ ಕಡ್ಡಿಯನ್ನು, ಗಾಳಿಯಲ್ಲಿ ತೂಗುಬಿಡಬೇಡಿ. ಫ್ರೀಜರಿನೊಳಗೆ ಗಾಳಿ 18ಕ್ಕೆ ಇಳಿದ ಕೂಡಲೇ ಕಂಟ್ರೋಲರ್ ಕರೆಂಟ್ ಕಡಿಯುತ್ತದೆ. ಬಿಯರ್ ಇನ್ನೂ 22ರಲ್ಲೇ ಇರುತ್ತದೆ. ಮುಚ್ಚಳ ಒಮ್ಮೆ ತೆರೆದರೆ ಬಿಸಿ ಗಾಳಿ ನುಗ್ಗಿ ಕಂಪ್ರೆಸರ್ ಮತ್ತೆ ಚಾಲೂ.

ಸರಿಯಾದ ಕ್ರಮ ಹೀಗೆ: ಬಕೆಟ್ಟಿನ ಹೊರಮೈಯಲ್ಲಿ, ಒಳಗಿನ ದ್ರವದ ಎತ್ತರದ ನಡುಭಾಗಕ್ಕೆ ಪ್ರೋಬ್ ಒತ್ತಿ ಹಿಡಿದು ಟೇಪ್ ಹಾಕಿ. ಅದರ ಮೇಲೆ ಅಂಗೈಯಗಲದ ದಪ್ಪ ಫೋಮ್, ಇಲ್ಲವೇ ನಾಲ್ಕು ಮಡಿಕೆ ಬಬಲ್ ರ‍್ಯಾಪ್ ಇಟ್ಟು, ಇಡೀ ಬಕೆಟ್ಟಿಗೆ ಒಂದು ಎಲಾಸ್ಟಿಕ್ ಪಟ್ಟಿ ಬಿಗಿಯಿರಿ. ಬರೀ ಟೇಪ್ ಸಾಲದು. ಫ್ರೀಜರಿನ ತೇವಕ್ಕೆ ಅಂಟು ಬಿಡುತ್ತದೆ. ಮೇಲಿನ ಫೋಮ್ ಮುಖ್ಯ. ಅದಿಲ್ಲದಿದ್ದರೆ ಪ್ರೋಬ್ ಅರ್ಧ ಬಿಯರನ್ನೂ ಅರ್ಧ ಗಾಳಿಯನ್ನೂ ಓದುತ್ತದೆ. ಹೀಗೆ ಕಟ್ಟಿದರೆ ಜೋರು ಹುದುಗುವಿಕೆಯಲ್ಲಿ ಒಳಗಿನ ನಡುಭಾಗಕ್ಕೂ ಹೊರಗಿನ ಓದಿಗೂ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಬರುವುದಿಲ್ಲ, ಏಕೆಂದರೆ ಮೇಲೇಳುವ ಗುಳ್ಳೆಗಳೇ ದ್ರವವನ್ನು ಕಲಕುತ್ತಿರುತ್ತವೆ. ಮುಚ್ಚಳದಿಂದ ಒಳಗಿಳಿಯುವ ಸ್ಟೀಲ್ ಥರ್ಮೋವೆಲ್ (ಪ್ರೋಬ್ ಕೂರುವ ಕೊಳವೆ) ಇದ್ದರೆ ಇನ್ನೂ ನಿಖರ. ಆದರೆ ತೊಳೆದು ಸ್ಯಾನಿಟೈಸ್ ಮಾಡಲು ಇನ್ನೊಂದು ವಸ್ತು ಸೇರಿತು ಅಂತ ಲೆಕ್ಕ. ನಾನಾದರೆ ಹೊರಗಿನ ಪ್ರೋಬಿಗೇ ಮತ ಹಾಕುತ್ತೇನೆ.

ಬಕೆಟ್ಟಿಗೆ ಅಂಟಿಸುವ ಬಣ್ಣದ ಪಟ್ಟಿ ಥರ್ಮಾಮೀಟರ್ ಸಸ್ತಾ, ಗೋಡೆಯ ಥರ್ಮಾಮೀಟರಿಗಿಂತ ಎಷ್ಟೋ ವಾಸಿ. ದ್ರವದ ಮಟ್ಟಕ್ಕಿಂತ ಕೆಳಗೆ ಅಂಟಿಸಿದ್ದೀರಾ ನೋಡಿಕೊಳ್ಳಿ. ತೇಲುವ ಡಿಜಿಟಲ್ ಹೈಡ್ರೋಮೀಟರ್‌ಗಳು ಫೋನಿಗೇ ಗ್ರಾವಿಟಿ, ಉಷ್ಣಾಂಶ ಎರಡನ್ನೂ ಕಳಿಸುತ್ತವೆ. ಮೇಲ್ಪದರದ ನೊರೆ ಅಂಟಿಕೊಂಡಾಗ ಗ್ರಾವಿಟಿ ಅಂಕಿ ಎಗರಾಡುವುದು ಸಹಜ, ನಂಬಬೇಕಾದ್ದು ಗ್ರಾಫಿನ ಇಳಿಜಾರನ್ನು.

ಬಳಸುವ ಮೊದಲು ಪ್ರೋಬ್ ಪರೀಕ್ಷಿಸಿ. ಒಂದು ಲೋಟದ ತುಂಬ ಪುಡಿ ಐಸ್, ಐಸಿನ ಸಂದುಗಳು ತುಂಬುವಷ್ಟು ಮಾತ್ರ ನೀರು. ಚೆನ್ನಾಗಿ ಕಲಕಿ, ಪ್ರೋಬ್ ಮುಳುಗಿಸಿ ಎರಡು ಮೂರು ನಿಮಿಷ ಬಿಡಿ. ಸೊನ್ನೆ ಬರಬೇಕು. 0.8 ತೋರಿಸಿದರೆ ಕಂಟ್ರೋಲರಿನ ಕ್ಯಾಲಿಬ್ರೇಶನ್ ಜಾಗದಲ್ಲಿ ಮೈನಸ್ 0.8 ಕೂರಿಸಿ.

ಯೀಸ್ಟ್ ಹಾಕುವ ಮುಂಚೆ

18ರಲ್ಲಿ ಹುದುಗಿಸಬೇಕೆಂದಿದ್ದರೆ ಕುದಿಸಿದ ವರ್ಟನ್ನು 16–17ಕ್ಕೆ ಇಳಿಸಿ ಯೀಸ್ಟ್ ಹಾಕಿ, ಅದೇ ಏರಿ 18ಕ್ಕೆ ಬರಲಿ. 25ರಲ್ಲಿ ಹಾಕಿ ಆಮೇಲೆ ಇಳಿಸುತ್ತೇನೆ ಎಂದರೆ ಬೆಳವಣಿಗೆಯ ಹೊತ್ತು ಪೂರ್ತಿ ಬಿಸಿಯಲ್ಲೇ ಕಳೆದುಹೋಗುತ್ತದೆ. 20 ಲೀಟರ್ ದ್ರವ ಫ್ರೀಜರಿನಲ್ಲೂ ಗಂಟೆಗೆ ಒಂದು ಡಿಗ್ರಿಯ ಆಸುಪಾಸಿನಲ್ಲಷ್ಟೇ ಇಳಿಯುವುದು.

ಟೆಕ್ಸಾಸ್, ಅರಿಜೋನಾ ಕಡೆ ಬೇಸಿಗೆಯಲ್ಲಿ ನಲ್ಲಿ ನೀರೇ 28–30 ಡಿಗ್ರಿ. ಬಿಸಿ ವರ್ಟಿನಲ್ಲಿ ಮುಳುಗಿಸಿ ನಲ್ಲಿ ನೀರು ಹರಿಸುವ ತಾಮ್ರದ ಸುರುಳಿ ಚಿಲ್ಲರ್ ಎಷ್ಟು ಹೊತ್ತು ಓಡಿಸಿದರೂ ಅದಕ್ಕಿಂತ ಕೆಳಗೆ ಹೋಗದು. ನಲ್ಲಿ ನೀರಿನಲ್ಲಿ 32–33ರ ತನಕ ಇಳಿಸಿ, ಆಮೇಲೆ ಬಕೆಟ್ಟಿನಲ್ಲಿ ಐಸ್ ನೀರು ಮಾಡಿ ಸಣ್ಣ ಸಬ್‌ಮರ್ಸಿಬಲ್ ಪಂಪಿನಿಂದ ಅದೇ ಸುರುಳಿಯೊಳಗೆ ಸುತ್ತಿಸಿ. 32ರಿಂದ 17ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 1,200 ಕಿಲೋಜೂಲ್. ಒಂದು ಕಿಲೋ ಐಸ್ ಕರಗಿ 17 ಡಿಗ್ರಿಗೆ ಬರುವಾಗ ಹೀರುವುದು 400. ಕಾಗದದ ಮೇಲೆ ಮೂರು ಕಿಲೋ ಸಾಕು, ಕೈಯಲ್ಲಿ ಅದರ ಎರಡರಷ್ಟು ಬೇಕಾಗುತ್ತದೆ. ಗ್ಯಾಸ್ ಸ್ಟೇಷನ್ನಿನ 10 ಪೌಂಡ್ ಚೀಲ ಎರಡು ತಂದಿಡಿ.

ಇನ್ನೊಂದು ದಾರಿ ಸೋಮಾರಿಗಳದು, ಆದರೆ ಚೆನ್ನಾಗಿ ನಡೆಯುತ್ತದೆ. ಸ್ಯಾನಿಟೈಸ್ ಮಾಡಿದ ಬಕೆಟ್ಟಿಗೆ ವರ್ಟ್ ತುಂಬಿ, ಮುಚ್ಚಿ, 17ಕ್ಕೆ ಸೆಟ್ ಮಾಡಿದ ಫ್ರೀಜರಿನಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಯೀಸ್ಟ್ ಹಾಕುವುದು. ಏರ್‌ಲಾಕಿನ (ಅನಿಲ ಹೊರಬಿಟ್ಟು ಗಾಳಿ ತಡೆಯುವ ನೀರಿನ ಬಿರಡೆ) ಬದಲು ಸ್ಯಾನಿಟೈಸ್ ಮಾಡಿದ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿಡಿ. ವರ್ಟ್ ತಣ್ಣಗಾಗುತ್ತ ಒಳಗಿನ ಗಾಳಿ ಕುಗ್ಗಿ ಏರ್‌ಲಾಕಿನ ನೀರನ್ನು ಒಳಗೆಳೆದುಕೊಳ್ಳುತ್ತದೆ. ಸ್ವಚ್ಛತೆ ಸರಿಯಿದ್ದರೆ ಹನ್ನೆರಡು ಗಂಟೆ ತಡವಾದರೆ ಏನೂ ಆಗುವುದಿಲ್ಲ.

ಯೀಸ್ಟಿನ ಪ್ರಮಾಣವೂ ಇದಕ್ಕೆ ತಳುಕು ಹಾಕಿಕೊಂಡಿದೆ. ತಣ್ಣಗೆ ಶುರುಮಾಡಿದರೆ ಕಮ್ಮಿ ಯೀಸ್ಟು ತಿಣುಕುತ್ತದೆ. 20 ಲೀಟರ್ ಸಾಮಾನ್ಯ ಏಲ್‌ಗೆ 11.5 ಗ್ರಾಮಿನ ಒಣ ಯೀಸ್ಟ್ ಪ್ಯಾಕೆಟ್ ಒಂದು. ಏಲ್‌ಗಿಂತ ತಂಪಿನಲ್ಲಿ ಹುದುಗುವ ಲಾಗರ್ ಬಿಯರಿಗೆ ಎರಡು, ಇದರಲ್ಲಿ ಜುಗ್ಗತನ ಬೇಡ.

ಟಬ್ಬು, ನೀರು, ಐಸ್ ಬಾಟಲಿ

ಫ್ರೀಜರ್ ಇಲ್ಲದವರಿಗೆ ಹಳೇ ಪ್ಲಾಸ್ಟಿಕ್ ಟಬ್ಬೇ ಗತಿ, ಮತ್ತು ಅದು ಅಷ್ಟೇನೂ ಕಳಪೆ ಗತಿಯಲ್ಲ. ಬಕೆಟ್ಟಿನ ಅರ್ಧ ಎತ್ತರಕ್ಕೆ ಬರುವಷ್ಟು, ಸುಮಾರು 20 ಲೀಟರ್ ನೀರು ತುಂಬಿ. ಬಿಯರೂ ನೀರೂ ಸೇರಿ ಒಂದು ಡಿಗ್ರಿ ಬದಲಾಗಲು 165 ಕಿಲೋಜೂಲ್ ಬೇಕು, ಹಾಗಾಗಿ ಹಗಲು ರಾತ್ರಿಯ ಏರಿಳಿತ ಅರ್ಧಕ್ಕರ್ಧ ಸಪಾಟಾಗುತ್ತದೆ. ಪೂರ್ತಿ ಹೆಪ್ಪುಗಟ್ಟಿದ ಒಂದು ಲೀಟರ್ ಬಾಟಲಿ ಒಂದನ್ನು ಹಾಕಿದರೆ ಒಟ್ಟು ಸುಮಾರು ಎರಡೂವರೆ ಡಿಗ್ರಿಯ ತಂಪು ಸಿಗುತ್ತದೆ. 24 ಡಿಗ್ರಿಯ ಮನೆಯಲ್ಲಿ 18ರ ಹತ್ತಿರ ಹಿಡಿಯಲು ಜೋರು ದಿನಗಳಲ್ಲಿ ಬೆಳಿಗ್ಗೆ ಎರಡು, ರಾತ್ರಿ ಎರಡು ಬಾಟಲಿ ಬದಲಾಯಿಸಬೇಕಾಗಬಹುದು. ಎಂಟು ಬಾಟಲಿ ಸರದಿಯಲ್ಲಿರಲಿ: ನಾಲ್ಕು ಟಬ್ಬಿನ ಕೆಲಸಕ್ಕೆ, ನಾಲ್ಕು ಗಟ್ಟಿಯಾಗಲು. ನಾಲ್ಕನೇ ದಿನದಿಂದ ಬಾಟಲಿ ನಿಲ್ಲಿಸಿ, ತಾನಾಗಿ ಏರಲು ಬಿಡಿ. ಈ ಪದ್ಧತಿಯ ಸೊಗಸೇ ಅದು: ನಿಮ್ಮ ಉತ್ಸಾಹ ಕಮ್ಮಿಯಾಗುವ ಹೊತ್ತಿಗೆ ಬಿಯರಿಗೂ ತಂಪು ಬೇಡವಾಗಿರುತ್ತದೆ.

ಬಕೆಟ್ಟಿಗೆ ಹತ್ತಿ ಟೀ ಶರ್ಟ್ ತೊಡಿಸಿ, ಅಂಚು ಟಬ್ಬಿನ ನೀರಿನಲ್ಲಿ ಮುಳುಗಿಸಿ, ಫ್ಯಾನ್ ಹಾಕುವ ಉಪಾಯ ಫಲಿಸುವುದು ಊರಿನ ಹವೆಯ ಮೇಲೆ ನಿಂತಿದೆ. ಬಟ್ಟೆ ತಣ್ಣಗಾಗುವುದು ವೆಟ್ ಬಲ್ಬ್ ಉಷ್ಣಾಂಶದ (ನೀರು ಆವಿಯಾಗಿ ಆ ಗಾಳಿಯಲ್ಲಿ ಮುಟ್ಟಬಲ್ಲ ಕನಿಷ್ಠ ಉಷ್ಣಾಂಶ) ತನಕ ಮಾತ್ರ. ಎಸಿ ಇರುವ 26 ಡಿಗ್ರಿ, ಶೇ 40 ತೇವದ ಕೋಣೆಯಲ್ಲಿ ಅದು 17. ಫೀನಿಕ್ಸಿನ ಒಣ ಬಿಸಿಲಿನ 38 ಡಿಗ್ರಿ, ಶೇ 15 ತೇವದಲ್ಲೂ 19–20. ಅದೇ ಹ್ಯೂಸ್ಟನ್ನಿನ ಗ್ಯಾರೇಜಿನಲ್ಲಿ 34 ಡಿಗ್ರಿ, ಶೇ 60 ತೇವ ಇದ್ದರೆ 27ಕ್ಕಿಂತ ಕೆಳಗಿಳಿಯದು. ಮಂಗಳೂರಿನ ಸೆಖೆ ಕಂಡವರಿಗೆ ವಿವರಿಸಬೇಕಿಲ್ಲ, ಒಗೆದ ಬಟ್ಟೆ ಒಣಗದ ಕಡೆ ಫ್ಯಾನ್ ದಂಡ.

ಫ್ರೀಜರ್ ಮತ್ತು ಕಂಟ್ರೋಲರ್

ವರ್ಷಕ್ಕೆ ನಾಲ್ಕೈದು ಬ್ಯಾಚ್ ಮಾಡುವವರು ಮೊದಲು ಖರ್ಚು ಮಾಡಬೇಕಾದ್ದು ಇಲ್ಲಿ. ಹೊಳೆಯುವ ಸ್ಟೀಲ್ ಕೋನಿಕಲ್ ಫರ್ಮೆಂಟರ್ (ತಳ ಚೂಪಾದ ಹುದುಗು ಪಾತ್ರೆ) ಆಮೇಲೆ. 5 ಘನ ಅಡಿಯ ಚೆಸ್ಟ್ ಫ್ರೀಜರಿನಲ್ಲಿ ಒಂದು ಬಕೆಟ್ಟು, 7 ಘನ ಅಡಿಯದರಲ್ಲಿ ಸಾಮಾನ್ಯವಾಗಿ ಎರಡು ಹಿಡಿಸುತ್ತವೆ. ಕೊಳ್ಳುವ ಮುಂಚೆ ಬಕೆಟ್ಟಿನ ಎತ್ತರಕ್ಕೆ ಏರ್‌ಲಾಕಿನ ಎತ್ತರವನ್ನೂ ಸೇರಿಸಿ ಟೇಪಿನಿಂದ ಅಳೆದುಕೊಂಡು ಹೋಗಿ. ತುಂಬಿದ ಬಕೆಟ್ಟು 22–23 ಕಿಲೋ; ಅದನ್ನು ಸೊಂಟದೆತ್ತರದ ಗೋಡೆ ದಾಟಿಸಿ ಇಳಿಸುವುದು ಬೆನ್ನಿಗೆ ಒಳ್ಳೆಯದಲ್ಲ. ಬೆನ್ನು ನೋವಿನವರು ನಿಲ್ಲಿಸುವ ಫ್ರಿಜ್ ತೆಗೆದುಕೊಳ್ಳಲಿ.

ಕಂಟ್ರೋಲರಿನಲ್ಲಿ ಎರಡು ಪ್ಲಗ್ ಇರುವಂಥದ್ದೇ ಬೇಕು, ಒಂದು ತಂಪಿಗೆ, ಒಂದು ಬಿಸಿಗೆ. ಇಂಕ್‌ಬರ್ಡ್ ಐಟಿಸಿ-308 ಹೆಚ್ಚು ಬಳಕೆಯಲ್ಲಿರುವುದು. ವೈರಿಂಗ್ ಕೆಲಸ ಬಲ್ಲವರು ಎಸ್‌ಟಿಸಿ-1000 ತಂದು ಡಬ್ಬಿಯೊಳಗೆ ತಾವೇ ಕೂರಿಸುತ್ತಾರೆ. ಮೇನ್ಸ್ ಕರೆಂಟ್ ನಿಮಗೆ ಹೊಸದಾದರೆ ಉಳಿತಾಯದ ಆಸೆ ಬಿಟ್ಟು ರೆಡಿ ಸಿಗುವುದನ್ನೇ ತನ್ನಿ.

ಸೆಟ್ಟಿಂಗ್ ಹೀಗಿರಲಿ. ಗುರಿ 18.0. ತಂಪಿನ ಅಂತರ 0.5, ಅಂದರೆ 18.5ಕ್ಕೆ ಫ್ರೀಜರ್ ಚಾಲೂ, 18.0ಕ್ಕೆ ಬಂದ್. ಬಿಸಿಯ ಅಂತರ 1.0, ಅಂದರೆ 17.0ಕ್ಕೆ ಹೀಟರ್ ಚಾಲೂ. ಕಂಪ್ರೆಸರ್ ವಿಳಂಬ 10 ನಿಮಿಷ. ಮೇಲಿನ ಅಲಾರಂ 22, ಕೆಳಗಿನದು 15.

ಒಂದೊಂದಕ್ಕೂ ಕಾರಣವಿದೆ. ಫ್ರೀಜರ್ ಬಂದ್ ಆದ ಮೇಲೂ ಅದರ ಗೋಡೆಗಳು ಮಂಜಿನಷ್ಟು ತಣ್ಣಗಿರುತ್ತವೆ, ಹಾಗಾಗಿ ಬಿಯರ್ ಇನ್ನೂ ಅರ್ಧ ಡಿಗ್ರಿ ಕೆಳಗೆ ಜಾರಿ 17.5ಕ್ಕೆ ಹೋಗುತ್ತದೆ. ಬಿಸಿಯ ಅಂತರವನ್ನೂ 0.5 ಅಥವಾ 0.3 ಇಟ್ಟರೆ ಅಷ್ಟಕ್ಕೇ ಹೀಟರ್ ಹೊತ್ತಿಕೊಳ್ಳುತ್ತದೆ, ಅದು ಏರಿಸಿದ್ದನ್ನು ಫ್ರೀಜರ್ ಇಳಿಸುತ್ತದೆ. ಎರಡೂ ರಾತ್ರಿಯಿಡೀ ಜಗಳ ಆಡಿಕೊಂಡು ಮೀಟರ್ ಓಡಿಸುತ್ತವೆ. ಗಾಳಿಯ ಬದಲು ಬಿಯರ್ ಅಳೆಯುತ್ತಿದ್ದರೆ ಕಂಪ್ರೆಸರ್ ದಿನಕ್ಕೆ ಕೆಲವೇ ಸಲ ಓಡುತ್ತದೆ. ಗಂಟೆಗೆ ನಾಲ್ಕೈದು ಸಲ ಚಾಲೂ ಬಂದ್ ಆಗುತ್ತಿದ್ದರೆ ಪ್ರೋಬ್ ಕಳಚಿಕೊಂಡಿದೆ ಎಂದೇ ತಿಳಿಯಿರಿ.

ಪ್ರೋಬ್ ಕಳಚುವುದೇ ಈ ಏರ್ಪಾಡಿನ ದೊಡ್ಡ ಅಪಾಯ. ಜಾರಿದ ಪ್ರೋಬ್ ಹೀಟರಿನ ಮೇಲೆ ಬಿದ್ದರೆ ಅದು ಓದುವುದು ಹೀಟರಿನ ಬಿಸಿಯನ್ನು, ಬಿಯರಿನದ್ದನ್ನಲ್ಲ. ಮುಚ್ಚಳದ ಸಂದಿನಿಂದ ಹೊರಗೆ ಬಿದ್ದರೆ ಬೇಸಿಗೆಯಲ್ಲಿ ಅದಕ್ಕೆ ಸದಾ ಬಿಸಿಯೇ ಕಾಣುತ್ತದೆ, ಫ್ರೀಜರ್ ನಿಲ್ಲದೆ ಓಡಿ ಬಿಯರ್ ಹೆಪ್ಪುಗಟ್ಟುತ್ತದೆ. ವೈರನ್ನು ಬಕೆಟ್ಟಿನ ಹಿಡಿಗೆ ಒಂದು ಸುತ್ತು ಕಟ್ಟಿಟ್ಟರೆ ಎಳೆದಾಗ ಜಗ್ಗುವುದು ಹಿಡಿಯನ್ನು, ಪ್ರೋಬನ್ನಲ್ಲ.

ಹೀಟರಿಗೆ 25–40 ವ್ಯಾಟ್ ಬೆಲ್ಟ್ ಅಥವಾ ಹೀಟ್ ರ‍್ಯಾಪ್ ಧಾರಾಳ. ಪ್ರೋಬ್ ಇರುವ ಬದಿಗೆ ಎದುರು ಬದಿಯಲ್ಲಿ ಕಟ್ಟಿ. ಬ್ರಿಟನ್‌ನಲ್ಲಿ ಫ್ರಿಜ್ಜಿನ ತಳದಲ್ಲಿ ಗ್ರೀನ್‌ಹೌಸಿನ 45–60 ವ್ಯಾಟ್ ಕೊಳವೆ ಹೀಟರ್ ಇಡುವ ರೂಢಿ ಇದೆ. ಅಲ್ಲಿ ವರ್ಷದ ಬಹುಭಾಗ ಬೇಕಾಗುವುದು ತಂಪಲ್ಲ, ಬಿಸಿ. ಬಿಸಿಗಾಗಿ ಬಲ್ಬ್ ಹಾಕಿದರೆ ಬೆಳಕು ಹಾಪ್ಸಿನ ಕಹಿ ಅಂಶವನ್ನು ಒಡೆದು ಬಿಯರಿಗೆ ಸ್ಕಂಕ್ ಎಂಬ ಪ್ರಾಣಿಯ ನಾತ ತರುತ್ತದೆ.

ಚೆಸ್ಟ್ ಫ್ರೀಜರಿನ ಗೋಡೆಗೆ ಡ್ರಿಲ್ ಹಾಕಲೇಬೇಡಿ, ಒಳಗೆ ಗ್ಯಾಸಿನ ಕೊಳವೆಗಳು ಹರಿದಿರುತ್ತವೆ. ತೆಳು ವೈರು ಮುಚ್ಚಳದ ರಬ್ಬರಿನ ಅಡಿಯಲ್ಲೇ ಹಾಯುತ್ತದೆ. ಒಳಗೆ ತೇವ ಕಟ್ಟಿ ಬೂಸ್ಟು ಬರುವುದು ಗ್ಯಾರಂಟಿ, ಕ್ಯಾಲ್ಸಿಯಂ ಕ್ಲೋರೈಡಿನ ತೇವ ಹೀರುವ ಡಬ್ಬಿ ಇಟ್ಟು, ಬ್ಯಾಚ್ ಮುಗಿದಾಗಲೆಲ್ಲ ಒರೆಸಿ ಮುಚ್ಚಳ ತೆರೆದಿಡಿ. ಇನ್ನೊಂದು, ಇದನ್ನು ತಮಾಷೆ ಎಂದುಕೊಳ್ಳಬೇಡಿ: ಒಂದು ಬ್ಯಾಚ್ ಬಿಡುವ ಕಾರ್ಬನ್ ಡೈಆಕ್ಸೈಡ್ ಮುಕ್ಕಾಲು ಕಿಲೋ, ಗಾತ್ರದಲ್ಲಿ 400 ಲೀಟರ್. 7 ಘನ ಅಡಿಯ ಫ್ರೀಜರ್ ಹಿಡಿಯುವುದೇ 200 ಲೀಟರ್. ಗಾಳಿಗಿಂತ ಭಾರವಾದ ಈ ಅನಿಲ ಒಳಗೇ ಕೂತಿರುತ್ತದೆ. ಮುಚ್ಚಳ ತೆರೆದ ಕೂಡಲೇ ತಲೆ ಒಳಗೆ ಹಾಕಬೇಡಿ. ಕೆಲವು ನಿಮಿಷ ಬಿಟ್ಟು, ರಟ್ಟಿನಿಂದ ಬೀಸಿ, ಆಮೇಲೆ ಬಗ್ಗಿ. ಮಕ್ಕಳಿರುವ ಮನೆಯಲ್ಲಿ ಫ್ರೀಜರಿಗೆ ಬೀಗ.

ಏರಿಸುವುದು ಯಾವಾಗ

ಯುಎಸ್-05ರಲ್ಲಿ ಪೇಲ್ ಏಲ್ ಎಂದಾದರೆ 17ಕ್ಕೆ ಯೀಸ್ಟ್, ಮೂರು ದಿನ 18, ನೊರೆ ಕುಸಿಯತೊಡಗಿದಾಗ 19, ಮರುದಿನ 20, ಅಲ್ಲಿಗೆ ಬಿಟ್ಟುಬಿಡಿ. ಏರ್‌ಲಾಕಿನ ಗುಳ್ಳೆ ಎಣಿಸಿ ತೀರ್ಮಾನಿಸಬೇಡಿ. ಬೆಚ್ಚಗಾದ ಬಿಯರಿನಿಂದ ಕರಗಿದ ಅನಿಲ ಹೊರಬಂದರೂ ಗುಳ್ಳೆ ಬರುತ್ತದೆ, ಮುಚ್ಚಳ ಸಡಿಲವಿದ್ದರೆ ಜೋರು ಹುದುಗುವಾಗಲೂ ಬರುವುದಿಲ್ಲ. ಹೈಡ್ರೋಮೀಟರ್ ಎರಡು ದಿನದ ಅಂತರದಲ್ಲಿ ಒಂದೇ ಅಂಕಿ ತೋರಿಸಬೇಕು.

ಕೊನೆಗೆ ಬೆಚ್ಚಗೆ ಮಾಡುವುದು ಮುಖ್ಯವಾಗಿ ಡೈಅಸಿಟೈಲ್‌ಗಾಗಿ. ಯೀಸ್ಟಿನಿಂದ ಸೋರಿದ ಆಲ್ಫಾ ಅಸಿಟೋಲ್ಯಾಕ್ಟೇಟ್ ಹೊರಗೆ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಥಿಯೇಟರ್ ಪಾಪ್‌ಕಾರ್ನಿನ ಬೆಣ್ಣೆ ವಾಸನೆ ಅದರದ್ದೇ. ಯೀಸ್ಟು ಎಚ್ಚರವಿದ್ದರೆ ಅದನ್ನು ವಾಪಸ್ ಹೀರಿಕೊಳ್ಳುತ್ತದೆ. ಮುಗಿದಿದೆಯೇ ನೋಡಲು ಎರಡು ಲೋಟಕ್ಕೆ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಮುಚ್ಚಿ, ಒಂದನ್ನು 60–70 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟು ಆರಿಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದು ಇನ್ನೊಂದರಲ್ಲಿ ಬರದಿದ್ದರೆ ಇನ್ನೆರಡು ದಿನ ಬೆಚ್ಚಗೇ ಬಿಡಿ. ತಣ್ಣಗೆ ಮಾಡಿಬಿಟ್ಟರೆ ಆ ವಾಸನೆ ಬಾಟಲಿಯಲ್ಲಿ ಹುಟ್ಟುತ್ತದೆ.

ಲಾಗರ್ ಇದೇ ಕಥೆ, ಆರೇಳು ಡಿಗ್ರಿ ಕೆಳಗೆ. 9–10ಕ್ಕೆ ಯೀಸ್ಟ್, 11–12ರಲ್ಲಿ ಹುದುಗು, ಇಳಿಯಬೇಕಾದ ಗ್ರಾವಿಟಿಯ ಮುಕ್ಕಾಲು ಪಾಲು ಇಳಿದಾಗ 16–17ಕ್ಕೆ ಏರಿಸಿ ಮೂರು ದಿನ, ಆಮೇಲೆ ಸೊನ್ನೆಯ ಹತ್ತಿರ ಮೂರು ನಾಲ್ಕು ವಾರ. ಫ್ರೀಜರ್ ಇಲ್ಲದ ಕಾಲದಲ್ಲಿ ಇದಕ್ಕೆ ಹವಾಮಾನವೇ ಗತಿಯಾಗಿತ್ತು. 1553ರಲ್ಲಿ ಬವೇರಿಯಾದ ಡ್ಯೂಕ್ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರ ನಡುವೆ ಮಾತ್ರ ಬಿಯರ್ ತಯಾರಿಸಬೇಕು ಅಂತ ಆಜ್ಞೆ ಹೊರಡಿಸಿದ್ದ. ಬೇಸಿಗೆಯ ಬಿಯರ್ ಅಷ್ಟು ಕೆಡುತ್ತಿತ್ತು. ಅದರಿಂದ ಬಿಡುಗಡೆ ಸಿಕ್ಕಿದ್ದು 1870ರ ದಶಕದಲ್ಲಿ, ಕಾರ್ಲ್ ಫಾನ್ ಲಿಂಡೆಯ ತಂಪಿನ ಯಂತ್ರ ಮ್ಯೂನಿಕ್ಕಿನ ಸ್ಪಾಟೆನ್ ಬ್ರೂವರಿಗೆ ಬಂದ ಮೇಲೆ.

ಬಿಸಿಯೇ ಬೇಕೆನ್ನುವ ಯೀಸ್ಟುಗಳೂ ಇವೆ. ನಾರ್ವೆಯ ವೋಸ್ ಕಡೆಯ ಕ್ವೈಕ್ ಯೀಸ್ಟು 35–38ರಲ್ಲಿ ಕಿತ್ತಳೆಯ ಪರಿಮಳ ಬಿಟ್ಟು ಮೂರು ನಾಲ್ಕು ದಿನದಲ್ಲಿ ಕೆಲಸ ಮುಗಿಸುತ್ತದೆ. ಟೆಕ್ಸಾಸಿನ ಗ್ಯಾರೇಜಿಗೆ ಜುಲೈಯಲ್ಲಿ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಹಾಗೆಂದು ಇಲ್ಲಿಯೂ ಅಳತೆ ಬಿಡಬೇಡಿ, ರಾತ್ರಿ 25ಕ್ಕೆ ಇಳಿದರೆ ಮಂಕಾಗುತ್ತದೆ. ಬೆಲ್ಜಿಯಂ ಮೂಲದ ಸೇಸನ್ ಯೀಸ್ಟು ವೈಯೀಸ್ಟ್ 3724 ಇಪ್ಪತ್ತರಲ್ಲಿಟ್ಟರೆ 1.035ರ ಹತ್ತಿರ ವಾರಗಟ್ಟಲೆ ನಿದ್ದೆ ಹೊಡೆಯುತ್ತದೆ, ದಿನಕ್ಕೊಂದು ಡಿಗ್ರಿಯಂತೆ 30 ದಾಟಿಸಿದರೆ ಮತ್ತೆ ಏಳುತ್ತದೆ.

ತಣ್ಣಗೆ ಮಾಡಿ ಬಾಟಲಿಗೆ

ಹುದುಗು ಮುಗಿದ ಮೇಲೆ ಎರಡು ಮೂರು ದಿನ 1–2 ಡಿಗ್ರಿಗೆ ಇಳಿಸಿದರೆ ಯೀಸ್ಟು, ಹಾಪ್ಸಿನ ಚೂರು ತಳ ಸೇರುತ್ತವೆ. ಇಳಿಸುವಾಗ ಏರ್‌ಲಾಕ್ ತೆಗೆದು, ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನನ್ನೋ ಚೀಲವನ್ನೋ ಅದರ ತೂತಿಗೆ ಕೂರಿಸಿ. ಇಲ್ಲದಿದ್ದರೆ ಬಕೆಟ್ಟು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಹಾಪ್ಸ್ ಹೆಚ್ಚಿರುವ ಐಪಿಎ (ಇಂಡಿಯಾ ಪೇಲ್ ಏಲ್) ಎರಡೇ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿ ಒದ್ದೆ ರಟ್ಟಿನ ರುಚಿ ಕೊಡುತ್ತದೆ.

ಗ್ಯಾಸ್ ಕಟ್ಟಲೆಂದು ಬಾಟಲಿಗೆ ಹಾಕುವ ಸಕ್ಕರೆಯ ಲೆಕ್ಕದಲ್ಲೂ ಉಷ್ಣಾಂಶ ಮತ್ತೊಮ್ಮೆ ಕಾಡುತ್ತದೆ. ಆ ಸಕ್ಕರೆ ಲೆಕ್ಕ ಹಾಕುವ ಪ್ರೈಮಿಂಗ್ ಕ್ಯಾಲ್ಕುಲೇಟರ್ ‘ಬಿಯರಿನ ಉಷ್ಣಾಂಶ’ ಕೇಳಿದಾಗ ಈಗಿನ 2 ಡಿಗ್ರಿ ಕೊಡಬೇಡಿ. ಅದು ಕೇಳುತ್ತಿರುವುದು ಬಿಯರಿನಲ್ಲಿ ಎಷ್ಟು ಅನಿಲ ಉಳಿದಿದೆ ಅಂತ, ಮತ್ತು ಅದು ತೀರ್ಮಾನವಾದದ್ದು ಹುದುಗಿನ ಕೊನೆಯಲ್ಲಿ ಬಿಯರ್ ಮುಟ್ಟಿದ ಗರಿಷ್ಠ ಬಿಸಿಯಲ್ಲಿ. 20 ಡಿಗ್ರಿಯಲ್ಲಿ ಉಳಿಯುವುದು 0.86 ವಾಲ್ಯೂಮ್, ಅಂದರೆ ಒಂದು ಲೀಟರ್ ಬಿಯರಿನಲ್ಲಿ ಅಷ್ಟು ಲೀಟರ್ ಅನಿಲ. 2 ಡಿಗ್ರಿ ಎಂದು ಬರೆದರೆ ಕ್ಯಾಲ್ಕುಲೇಟರ್ 1.6 ಇದೆ ಅಂದುಕೊಳ್ಳುತ್ತದೆ. 20 ಲೀಟರಿಗೆ 2.4 ವಾಲ್ಯೂಮ್ ಬೇಕಾದರೆ ಸರಿಯಾದ ಸಕ್ಕರೆ 123 ಗ್ರಾಮಿನ ಸುತ್ತಮುತ್ತ. ತಪ್ಪು ಅಂಕಿ ಕೊಟ್ಟರೆ ಅದು 64 ಗ್ರಾಮ್ ಹೇಳುತ್ತದೆ, ಬಿಯರ್ ಚಪ್ಪೆ. ತಣ್ಣಗೆ ಮಾಡಿದರೂ ಬಾಟಲಿಯಲ್ಲಿ ಗ್ಯಾಸ್ ಕಟ್ಟಲು ಬೇಕಾದ ಯೀಸ್ಟು ಉಳಿದಿರುತ್ತದೆ, ಬೇರೆ ಸೇರಿಸಬೇಕಿಲ್ಲ. ಬಾಟಲಿಗಳನ್ನು 20–22 ಡಿಗ್ರಿಯಲ್ಲಿ ಎರಡು ವಾರ ಇಡಿ. ಹತ್ತನೇ ದಿನ ಒಂದನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಮರುದಿನ ತೆಗೆದು ನೋಡಿ, ಗ್ಯಾಸ್ ಸಾಲದಿದ್ದರೆ ಉಳಿದವನ್ನು ಇನ್ನೊಂದು ವಾರ ಅಲ್ಲೇ ಬಿಡಿ.